ನಮ್ಮ ಕುರುಚಲು ಕಾಡಿಗೂ ಒಂದು ಪುಸ್ತಕ ಬೇಕು

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲಾಧಿಕಾರಿಗಳಿಗೆ,
ಎರಡೂ ಜಿಲ್ಲೆಗಳ ಅರಣ್ಯ, ಪ್ರವಾಸೋದ್ಯಮ ಮತ್ತು ಗ್ರಂಥಾಲಯ ಇಲಾಖೆಗಳ ಅಧಿಕಾರಿಗಳಿಗೆ

ಮಾನ್ಯರೇ,

ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆಯಲ್ಲಿ ಪ್ರೌಢಶಾಲೆ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಶಿಕ್ಷಕ. ಈ ಪತ್ರದಲ್ಲಿ ತಮ್ಮ ಹತ್ತಿರ ಒಂದೇ ಒಂದು ವಿಷಯ ಕೇಳುತ್ತಿದ್ದೇನೆ. ನಮ್ಮ ಎರಡು ಜಿಲ್ಲೆಗಳ ಗುಡ್ಡ, ಕುರುಚಲು ಕಾಡು, ಹುಲ್ಲಿನ ಕಾವಲು, ಕೆರೆ ಕಟ್ಟೆಗಳನ್ನು ನಡೆದು ನೋಡುವವರಿಗಾಗಿ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕ ಮಾಡಿಸಿ. ಚೀಲದಲ್ಲಿ ಹಾಕಿಕೊಂಡು ಹೋಗುವಷ್ಟು ಚಿಕ್ಕದಾಗಿರಲಿ. ಹತ್ತನೇ ತರಗತಿ ಮಗು ಓದಿದರೆ ಅರ್ಥವಾಗುವಷ್ಟು ಸರಳವಾಗಿರಲಿ. ಅದರಲ್ಲಿರುವ ಪ್ರತಿ ಮಾತೂ ನಿಜವಾಗಿರಲಿ.

ಎರಡು ಜಿಲ್ಲೆಗೆ ಒಂದೇ ಪುಸ್ತಕ ಯಾಕೆ ಅಂತ ಕೇಳಬಹುದು. ದಾವಣಗೆರೆ, ಹರಿಹರ, ಜಗಳೂರು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದವು. ಆಮೇಲೆ ಗಡಿ ಬಂತು, ಕಚೇರಿ ಬೇರೆಯಾಯಿತು. ಜಗಳೂರಿನ ಕಾಡಿನಲ್ಲಿ ಮೇಯುವ ಪ್ರಾಣಿಗೆ ಅದೆಲ್ಲ ಗೊತ್ತಿಲ್ಲವಲ್ಲ.

ಪ್ರವಾಸದ ಪುಸ್ತಕಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಯಾವುದೇ ಪುಸ್ತಕದಂಗಡಿಗೆ ಹೋಗಿ ನೋಡಿ. ಕೊಡಗು, ಚಿಕ್ಕಮಗಳೂರು, ಆಗುಂಬೆ, ಕಬಿನಿ, ಹಿಮಾಲಯ, ಎಲ್ಲ ಸಿಗುತ್ತವೆ. ಅವೆಲ್ಲ ಬೇಕು, ನಾನೂ ಆಸೆಯಿಂದ ಓದುತ್ತೇನೆ. ಆದರೆ ಅವುಗಳನ್ನು ಓದುತ್ತಾ ಬೆಳೆದ ಮಗುವಿನ ತಲೆಯಲ್ಲಿ ಒಂದು ಲೆಕ್ಕ ಕೂತುಬಿಡುತ್ತದೆ. ಕಾಡು ಅಂದರೆ ಹಸಿರಾಗಿರಬೇಕು, ಮಳೆ ಸುರಿಯಬೇಕು, ಜಲಪಾತ ಇರಬೇಕು. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆಯ ಅಳತೆಗೋಲನ್ನು ಹಿಡಿದುಕೊಂಡು, ಅದರ ಹತ್ತನೇ ಒಂದು ಭಾಗವೂ ಮಳೆ ಕಾಣದ ನಮ್ಮ ನೆಲವನ್ನು ಅಳೆಯುತ್ತಾರೆ. ಕ್ಲಾಸಿನಲ್ಲಿ ಕಾಡಿನ ಮಾತು ಬಂದಾಗೆಲ್ಲ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: "ಸಾರ್, ನಮ್ಮ ಕಡೆ ಕಾಡು ಎಲ್ಲಿದೆ?" ಕಿಟಕಿಯಿಂದ ಜೋಗಿಮಟ್ಟಿ ಸಾಲು ಕಾಣುತ್ತಿರುತ್ತದೆ. ಅದು ವನ್ಯಧಾಮ. ಅಲ್ಲಿ ಚಿರತೆ ಇದೆ, ಕರಡಿ ಇದೆ. ಮಗುವಿಗೆ ಮಾತ್ರ ಅದು ಬರೀ ಗುಡ್ಡ.

ಬರಹ ಏನು ಮಾಡಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಕೋಟೆಯನ್ನೇ ನೋಡಿ. ತ.ರಾ.ಸು. ಅವರ 'ದುರ್ಗಾಸ್ತಮಾನ' ಓದಿ ಬಂದವರು ಏಳು ಸುತ್ತಿನ ಕೋಟೆಯಲ್ಲಿ ನಡೆಯುವ ರೀತಿಯೇ ಬೇರೆ. ಬಾಗಿಲ ಹತ್ತಿರ ನಿಲ್ಲುತ್ತಾರೆ, ಕಲ್ಲು ಮುಟ್ಟಿ ನೋಡುತ್ತಾರೆ, ಮದಕರಿ ನಾಯಕನ ಹೆಸರು ಹೇಳುವಾಗ ದನಿ ತಗ್ಗಿಸುತ್ತಾರೆ. ಕೋಟೆಗೆ ಒಬ್ಬ ಬರಹಗಾರ ಸಿಕ್ಕಿದರು. ಅದೇ ಕೋಟೆಯ ಬೆನ್ನಿಗಿರುವ ಕಾಡಿಗೆ ಇನ್ನೂ ಸಿಕ್ಕಿಲ್ಲ.

ಪುಸ್ತಕ ಇಲ್ಲದ ಕಡೆ ಏನು ತುಂಬಿಕೊಳ್ಳುತ್ತದೆ ಅಂತಲೂ ಹೇಳುತ್ತೇನೆ. ಜೋಗಿಮಟ್ಟಿ ಬಗ್ಗೆ ಹುಡುಕಿದರೆ "ಏಷ್ಯಾದಲ್ಲೇ ಎರಡನೇ ಅತಿ ಹೆಚ್ಚು ಗಾಳಿ ಬೀಸುವ ಜಾಗ" ಎಂಬ ಸಾಲು ಸಿಗುತ್ತದೆ. ಯಾರು ಅಳೆದರು, ಯಾವ ವರ್ಷ, ಎಷ್ಟು ವೇಗ, ಅದನ್ನು ಯಾರೂ ಬರೆಯುವುದಿಲ್ಲ. ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಸುಮ್ನೆ ಹಾಕುತ್ತಾ ಹೋಗುತ್ತಾರೆ. ಬೆಟ್ಟದ ಎತ್ತರವೂ ಒಂದೊಂದು ಕಡೆ ಒಂದೊಂದು ಥರ. ಒಂದು ಸಲ ನನ್ನ ಕೈಗೆ ಬಂದ ಕರಪತ್ರದಲ್ಲಿ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಎಂದು ಹೆಸರು ಹಾಕಿ, ಮೇಲೆ ಕೃಷ್ಣಮೃಗದ ಫೋಟೊ ಅಚ್ಚು ಮಾಡಿದ್ದರು. ಅದನ್ನು ಮಕ್ಕಳಿಗೆ ಹಂಚುವುದಕ್ಕೆ ಅಂತ ಕೊಟ್ಟಿದ್ದು. ನಾನು ಹಂಚಲಿಲ್ಲ. ಬೇಜಾರಾಯಿತು, ಯಾಕೆಂದರೆ ಕೊಂಡುಕುರಿ ಬಗ್ಗೆ ಹೇಳಬೇಕಾದ್ದು ಬಹಳ ಇದೆ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕಾಡನ್ನು 2011ರಲ್ಲಿ ಈ ಪ್ರಾಣಿಗಾಗಿಯೇ ವನ್ಯಧಾಮ ಮಾಡಿದರು. ಸುಮಾರು 77 ಚದರ ಕಿಲೋಮೀಟರ್ ಜಾಗ. ಕೊಂಡುಕುರಿ ಭಾರತ ಮತ್ತು ನೇಪಾಳ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಎತ್ತರ ಸುಮಾರು ಎರಡು ಅಡಿ, ತೂಕ 20 ಕಿಲೋ ಆಸುಪಾಸು. ಗಂಡಿನ ತಲೆಯ ಮೇಲೆ ನಾಲ್ಕು ಕೊಂಬು, ಕಿವಿಗಳ ಮಧ್ಯೆ ಎರಡು, ಅದರ ಮುಂದೆ ಹಣೆಯ ಮೇಲೆ ಇನ್ನೆರಡು ಮೋಟು. ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬಿನದು ಇದೊಂದೇ. ಹೆಣ್ಣಿಗೆ ಕೊಂಬಿಲ್ಲ. ಜಿಂಕೆಗಳ ಹಾಗೆ ಹಿಂಡು ಕಟ್ಟುವುದಿಲ್ಲ, ಒಂಟಿಯಾಗಿಯೋ ಜೋಡಿಯಾಗಿಯೋ ಎತ್ತರದ ಹುಲ್ಲಿನಲ್ಲಿ ಅಡಗಿಕೊಂಡು ಬದುಕುತ್ತದೆ. ಜೀಪಿನಲ್ಲಿ ಹೋಗಿ ಹತ್ತು ನಿಮಿಷ ಕಾದು ಫೋಟೊ ಹೊಡೆದುಕೊಂಡು ಬರುವ ಪ್ರಾಣಿ ಅಲ್ಲವೇ ಅಲ್ಲ.

ಹಾಗಾದರೆ ನೋಡಲು ಹೋದವನಿಗೆ ಏನು ಸಿಗುತ್ತದೆ? ಇಲ್ಲಿ ಪುಸ್ತಕದ ಕೆಲಸ ಶುರುವಾಗುತ್ತದೆ. ಕೊಂಡುಕುರಿ ದಿನಾ ಹೋಗಿ ಹಿಕ್ಕೆ ಹಾಕುವುದು ಒಂದೇ ಜಾಗದಲ್ಲಿ. ಹಳೆಯದು ಒಣಗಿ ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಅದರ ಮೇಲೆ ಹೊಸದು ಕಪ್ಪಗೆ ಮಿರುಗುತ್ತಿರುತ್ತದೆ. ಈ ಒಂದು ಸಂಗತಿ ಗೊತ್ತಿದ್ದರೆ ಸಾಕು, ಪ್ರಾಣಿ ಕಾಣದಿದ್ದರೂ ಅದು ಇವತ್ತು ಬೆಳಿಗ್ಗೆ ಇಲ್ಲಿ ಬಂದುಹೋಗಿದೆ ಅಂತ ಹೇಳಬಹುದು. ಅದಕ್ಕೆ ನೀರು ಹತ್ತಿರವೇ ಬೇಕು, ಹಾಗಾಗಿ ಬೇಸಿಗೆಯಲ್ಲಿ ಹಳ್ಳದ ಗುಂಡಿಯ ಅಂಚಿನ ಕೆಸರಿನಲ್ಲಿ ಗೊರಸಿನ ಗುರುತು ಸಿಗಬಹುದು. ಹೀಗೆ ಹೇಳಿಕೊಡುವ ಒಂದು ಪುಟ ಇದ್ದರೆ, ಕಾಡಿಗೆ ಹೋದವರು "ಏನೂ ಕಾಣಲಿಲ್ಲ" ಅಂತ ವಾಪಸ್ ಬರುವುದಿಲ್ಲ.

ಇನ್ನೊಂದು ಪುಟ ಮರಡಿಹಳ್ಳಿಗೆ ಮೀಸಲಾಗಬೇಕು. ಹಿರಿಯೂರು ತಾಲ್ಲೂಕಿನ ಐಮಂಗಲದ ಹತ್ತಿರ ಇದೆ. ಹೆದ್ದಾರಿಯಲ್ಲಿ ಬೆಂಗಳೂರಿಗೆ ಓಡಾಡುವವರಲ್ಲಿ ಎಷ್ಟು ಜನ ಅಲ್ಲಿ ತಿರುಗಿರಬಹುದು? ಬಹಳ ಕಡಿಮೆ. ಅಲ್ಲಿರುವ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ದಿಂಬು ಲಾವಾ ಅಂತ ಕರೆಯುತ್ತಾರೆ. ಹತ್ತಿರ ಕುಕ್ಕರಗಾಲಿನಲ್ಲಿ ಕೂತು ನೋಡಿದರೆ ಯಾಕೆ ಆ ಹೆಸರು ಅಂತ ತಾನಾಗೇ ಗೊತ್ತಾಗುತ್ತದೆ. ಹಸಿರು ಮಿಶ್ರಿತ ಬೂದು ಬಂಡೆಯ ಮೇಲೆ ಒಂದಕ್ಕೊಂದು ಒತ್ತಿಕೊಂಡ ಉಬ್ಬುಗಳು. ಒಂದೊಂದರ ಸುತ್ತಲೂ ಬೇರೆ ಬಣ್ಣದ ತೆಳ್ಳನೆ ಅಂಚು.

ಆ ಅಂಚೇ ಎಲ್ಲವನ್ನೂ ಹೇಳುತ್ತದೆ. ಕುದಿಯುವ ಲಾವಾ ನೀರಿನೊಳಗೆ ಹೊರಬಂದಾಗ ಅದರ ಮೇಲ್ಮೈ ಆ ಕ್ಷಣದಲ್ಲೇ ಗಟ್ಟಿಯಾಯಿತು. ಒಳಗಿನದು ಇನ್ನೂ ದ್ರವವಾಗಿತ್ತು. ಅದು ಸಿಪ್ಪೆ ಒಡೆದುಕೊಂಡು ಪಕ್ಕಕ್ಕೆ ಉಕ್ಕಿತು, ಅದಕ್ಕೂ ಸಿಪ್ಪೆ ಕಟ್ಟಿತು. ಹೀಗೆ ಒಂದರ ಮೇಲೊಂದು. ಮೇಲಿನ ಉಂಡೆ ಇನ್ನೂ ಮೆತ್ತಗಿರುವಾಗ ಕೆಳಗಿನ ಎರಡು ಉಂಡೆಗಳ ಸಂದಿಗೆ ಜೋತುಬಿದ್ದು ಒಂದು ಬಾಲ ಮೂಡಿತು. ಆ ಬಾಲ ಯಾವ ಕಡೆಗಿದೆಯೋ ಆಗ ಅದು ಕೆಳಗಿನ ದಿಕ್ಕು. ಅಂದರೆ ಬಂಡೆ ಆಮೇಲೆ ಎಷ್ಟೇ ವಾಲಿರಲಿ, ಮಗುಚಿರಲಿ, ಹುಟ್ಟಿದಾಗ ಹೇಗಿತ್ತು ಎಂದು ಇವತ್ತಿಗೂ ಬೆರಳಿಟ್ಟು ತೋರಿಸಬಹುದು. ಇವತ್ತು ಟ್ಯಾಂಕರಿನಲ್ಲಿ ನೀರು ತರಿಸಿಕೊಳ್ಳುವ ಊರುಗಳ ಪಕ್ಕದಲ್ಲಿ ಒಂದು ಕಾಲಕ್ಕೆ ಸಮುದ್ರದ ತಳ ಇತ್ತು ಎಂದರೆ ಮಕ್ಕಳು ಮೊದಲು ನಂಬುವುದಿಲ್ಲ. ಬಾಲ ತೋರಿಸಿದ ಮೇಲೆ ಅವರೇ ಒಂದೊಂದು ಉಬ್ಬಿನ ಹತ್ತಿರ ಹೋಗಿ ಹುಡುಕುತ್ತಾರೆ. ಇಂಥ ಜಾಗಕ್ಕೆ ಒಂದು ಫಲಕ ಸಾಲದು. ಮನೆಗೆ ತಗೊಂಡು ಹೋಗಿ ಮತ್ತೆ ಓದುವಂಥದ್ದು ಬೇಕು.

ಜೋಗಿಮಟ್ಟಿ ಪುಟದಲ್ಲಿ ಗಾಳಿ, ಮಂಜು, ಬೆಟ್ಟದ ಮೇಲಿನ ಬಂಗಲೆ, ಕೆಳಗೆ ಆಡುಮಲ್ಲೇಶ್ವರ, ಇವೆಲ್ಲ ಹೇಗೂ ಬರುತ್ತವೆ. ನನಗೆ ಮುಖ್ಯ ಅನಿಸುವುದು ಕರಡಿ. ನಮ್ಮ ಗುಡ್ಡದ ಬಂಡೆ ಸಂದಿಗಳು ಕರಡಿಗೆ ಹೇಳಿ ಮಾಡಿಸಿದ ಮನೆ. ಹುತ್ತದ ಬುಡ ಬಗೆದು ಮಣ್ಣು ಚೆಲ್ಲಾಡಿದ್ದು, ಅಂಚಿನಲ್ಲಿ ಉದ್ದನೆ ಉಗುರಿನ ಗೆರೆ ಕಂಡರೆ ರಾತ್ರಿ ಅದು ಗೆದ್ದಲು ತಿನ್ನಲು ಬಂದಿತ್ತು ಎಂದರ್ಥ. ಬಾರೆಹಣ್ಣು, ಕಕ್ಕೆಕಾಯಿ ಕಾಲದಲ್ಲಿ ಅದರ ಲದ್ದಿಯ ತುಂಬ ಬೀಜ. ಕರಡಿಗೆ ಕಣ್ಣು ಅಷ್ಟು ಚುರುಕಲ್ಲ. ಮನುಷ್ಯ ತೀರಾ ಹತ್ತಿರ ಬಂದಾಗ ಗಾಬರಿಯಾಗಿ ಮೇಲೆ ಬೀಳುತ್ತದೆ. ಮರಿ ಬೆನ್ನ ಮೇಲೆ ಕೂತಿದ್ದರಂತೂ ಕೇಳುವುದೇ ಬೇಡ. ಮುಂಜಾವು, ಮುಸ್ಸಂಜೆ ಹೊತ್ತಲ್ಲಿ ಬಂಡೆ ಗುಡ್ಡದಲ್ಲಿ ಓಡಾಡಬೇಡಿ, ಒಬ್ಬರೇ ಹೋಗಬೇಡಿ, ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಬೇಡಿ, ಮಾತಾಡುತ್ತಾ ನಡೆಯಿರಿ. ಇಷ್ಟನ್ನು ಸ್ಪಷ್ಟವಾಗಿ ಬರೆದರೆ ಜೀವ ಉಳಿಯುತ್ತದೆ, ಮನುಷ್ಯರದ್ದೂ ಕರಡಿಯದ್ದೂ. ಸೂರ್ಯೋದಯದ ವಿಡಿಯೊ ಹಾಕುವ ಹುಡುಗರು ಇದನ್ನೆಲ್ಲ ಹೇಳುವುದಿಲ್ಲ. ಅವರಿಗೂ ಯಾರೂ ಹೇಳಿರುವುದಿಲ್ಲ.

ಈಗ ಕಾವಲಿನ ಮಾತು. ಇದನ್ನು ಬರೆಯುವಾಗ ಸಂಕಟವಾಗುತ್ತದೆ. ಚಳ್ಳಕೆರೆಯ ಕುದಾಪುರ, ವರವು, ಉಳ್ಳಾರ್ತಿ ಕಡೆಯ ಅಮೃತಮಹಲ್ ದನಗಳ ಮೇವಿಗೆಂದು ಮೀಸಲಿಟ್ಟ ಕಾವಲುಗಳಲ್ಲಿ ಸಾವಿರಾರು ಎಕರೆ 2010ರ ಆಸುಪಾಸಿನಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಅದರ ಸರಿ ತಪ್ಪು ಹಸಿರು ನ್ಯಾಯಮಂಡಳಿವರೆಗೂ ಹೋಗಿ ಚರ್ಚೆಯಾಗಿದೆ, ಇಲ್ಲಿ ಮತ್ತೆ ಎತ್ತುವುದಿಲ್ಲ. ನನ್ನ ಮಾತು ಇಷ್ಟೇ. ಆ ಹುಲ್ಲುಗಾವಲು ಅಲ್ಲಿ ದನ ಕುರಿ ಮೇಯಿಸುವವರಿಗೆ, ಕೆಲವು ಸಂಶೋಧಕರಿಗೆ ಗೊತ್ತಿತ್ತು. ದುರ್ಗದ ಪೇಟೆಯಲ್ಲಿರುವ ನಮ್ಮಂಥವರಿಗೆ ಅದು ಬರೀ ಬಯಲು. ಮರ ಇಲ್ಲದ ಜಾಗ ಅಂದರೆ ಬಂಜರು ಎಂಬ ಯೋಚನೆ ನಮ್ಮಲ್ಲಿ ಅಷ್ಟು ಬೇರುಬಿಟ್ಟಿದೆ. ತೋಳ, ಕೃಷ್ಣಮೃಗ, ನೆಲದ ಮೇಲೇ ಗೂಡು ಕಟ್ಟುವ ಹಕ್ಕಿಗಳು ಬದುಕುವುದೇ ಅಂಥ ಬಯಲಲ್ಲಿ. ಅಲ್ಲಿ ಮರ ನೆಟ್ಟರೂ ಅವುಗಳಿಗೆ ಕೇಡೇ. ಇದನ್ನು ಕನ್ನಡದಲ್ಲಿ, ನಮ್ಮ ಕಾವಲಿನ ಹೆಸರು ಹಿಡಿದು, ಜನ ಓದುವ ಹಾಗೆ ಬರೆದ ಪುಸ್ತಕ ಮನೆಮನೆಯಲ್ಲಿದ್ದರೆ ಆಗ ಕೇಳುವ ದನಿಗಳು ಇನ್ನೂ ನಾಲ್ಕು ಜಾಸ್ತಿ ಇರುತ್ತಿದ್ದವು ಅಂತ ನಾನು ನಂಬಿದ್ದೇನೆ.

ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದಲ್ಲೇ ಸಾಕ್ಷಿ ಇದೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು ನೋಡಲು ನಮ್ಮ ಹಿರಿಯೂರಿನ ಕಾಡಿನಂಥದ್ದೇ. ಅಲ್ಲಿ ಚಿಂಕಾರಾ ಎಂಬ ಹುಲ್ಲೆಗಳಿವೆ ಎಂದು ಕ್ಯಾಮೆರಾ ಇಟ್ಟು ದಾಖಲೆ ಮಾಡಿದರು. 2019ರಲ್ಲಿ ಅದು ಚಿಂಕಾರಾ ವನ್ಯಧಾಮವಾಯಿತು. ಪ್ರಾಣಿ ಅಲ್ಲಿ ಮೊದಲಿನಿಂದಲೂ ಇತ್ತು. ಕಾಗದದ ಮೇಲೆ ಬಂದದ್ದು ಆಗ.

ಪುಸ್ತಕ ಬಂದರೆ ಜನ ಮುಗಿಬಿದ್ದು ಜಾಗ ಹಾಳಾಗುತ್ತದೆ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಅರಣ್ಯ ಇಲಾಖೆಯವರು ಹಾಗೆ ಹೇಳಿದರೆ ನಾನು ತಪ್ಪು ತಿಳಿಯುವುದಿಲ್ಲ. ಗುಡ್ಡದ ತುದಿಯಲ್ಲಿ ಬಿದ್ದ ಬಾಟಲಿ, ಚಿಪ್ಸ್ ಕವರ್ ಆರಿಸುವವರು ಅವರ ವಾಚರುಗಳೇ ಅಲ್ವಾ. ಆದರೆ ಜನ ಈಗಾಗಲೇ ಬರುತ್ತಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಮಾರಿಕಣಿವೆಗೆ ಬಂದ ಜನಸಾಗರವನ್ನು ನೀವೇ ಸಂಭಾಳಿಸಿದಿರಿ. ಅಷ್ಟು ಜನ ಬಂದರು, ಫೋಟೊ ತೆಗೆದರು, ಹೋದರು. ಎರಡು ಗುಡ್ಡದ ಸಂದಿಯಲ್ಲಿ ವೇದಾವತಿಯನ್ನು ಯಾಕೆ ಅಲ್ಲೇ ಕಟ್ಟಿದರು, 1898ರಲ್ಲಿ ಶುರು ಮಾಡಿ 1907ರಲ್ಲಿ ಹೇಗೆ ಮುಗಿಸಿದರು, ಸುತ್ತಲಿನ ಕಾಡಿನಲ್ಲಿ ಏನಿದೆ ಅಂತ ಹೇಳುವ ಎರಡು ಹಾಳೆ ಆವತ್ತು ಅವರ ಕೈಯಲ್ಲಿ ಇರಲಿಲ್ಲ. ಹೇಗೂ ಬರುವವರು ತಿಳಿದುಕೊಂಡು ಬರಲಿ ಎಂಬುದೇ ನನ್ನ ಆಸೆ.

ಹಾಗಂತ ಎಲ್ಲವನ್ನೂ ಬರೆಯಬಾರದು. ಚಿರತೆಯ ಗವಿ, ತೋಳದ ಬಿಲ, ಗೂಬೆಯ ಗೂಡು ಎಲ್ಲಿದೆ ಎಂದು ಪುಸ್ತಕದಲ್ಲಿ ಖಂಡಿತ ಬರಬಾರದು. ಯಾವ ಜಾಗಕ್ಕೆ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ, ಎಲ್ಲಿಗೆ ಹೋಗಲೇಬಾರದು ಎಂಬುದು ದಪ್ಪ ಅಕ್ಷರದಲ್ಲಿ ಇರಬೇಕು. ಮಾಗಿ ಕಳೆದು ಹುಲ್ಲು ಒಣಗಿದ ಮೇಲೆ ಬೀಡಿ ಸಿಗರೇಟಿನ ಒಂದು ಕಿಡಿ ಏನು ಮಾಡುತ್ತದೆ ಎಂಬುದೂ ಇರಬೇಕು. ಯಾವಾಗ ಬಂದರೆ ಚೆಂದ ಎಂದು ಹೇಳುವಾಗ ಇಂಗ್ಲಿಷ್ ತಿಂಗಳ ಜೊತೆ ಮಳೆ ನಕ್ಷತ್ರವನ್ನೂ ಹಾಕಲಿ. ಉತ್ತರೆ, ಹಸ್ತೆ ಸರಿಯಾಗಿ ಬಿದ್ದ ವರ್ಷ ನಮ್ಮ ಗುಡ್ಡ ಹೇಗಿರುತ್ತದೆ ಅಂತ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬರೆಯುವುದು ಯಾರು? ಬೆಂಗಳೂರಿನ ಏಜೆನ್ಸಿಗೆ ಟೆಂಡರ್ ಕೊಡಬೇಡಿ, ಇದು ನನ್ನ ಕಳಕಳಿಯ ವಿನಂತಿ. ಹೊಳೆಯುವ ಕಾಗದದ ಮೇಲೆ ಮಲೆನಾಡಿನ ಫೋಟೊ ಬಂದುಬಿಡುತ್ತದೆ. ನಮ್ಮ ಬೀಟಿನ ಗಾರ್ಡುಗಳು, ವಾಚರುಗಳು ದಿನಾ ಕಾಡಿನಲ್ಲಿ ನಡೆಯುತ್ತಾರೆ. ಮ್ಯಾಸಬೇಡರ ದೇವರ ಎತ್ತು ಕಾಯುವ ಕಿಲಾರಿಗಳಿದ್ದಾರೆ. ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆ, ಯಾವ ಹಳ್ಳದಲ್ಲಿ ಬೇಸಿಗೆಗೂ ನೀರು ಬತ್ತುವುದಿಲ್ಲ ಎಂಬುದು ಅವರ ನಾಲಿಗೆ ತುದಿಯಲ್ಲಿದೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯ ಹಾಡುವವರಿದ್ದಾರೆ. ಆ ಹಾಡುಗಳ ತುಂಬ ದನ, ಕಾಡು, ಅಡವಿಯ ದಾರಿ. ಕಾಲೇಜುಗಳಲ್ಲಿ ಸಸ್ಯಶಾಸ್ತ್ರ, ಭೂವಿಜ್ಞಾನ ಓದಿದ ಮೇಷ್ಟ್ರುಗಳಿದ್ದಾರೆ. ದಾವಣಗೆರೆಯ ಕುಂದುವಾಡ ಕೆರೆ ಏರಿಯ ಮೇಲೆ, ಕೊಂಡಜ್ಜಿ ಕೆರೆಯ ಹತ್ತಿರ ಬೈನಾಕ್ಯುಲರ್ ಹಿಡಿದು ನಿಲ್ಲುವ ಹುಡುಗ ಹುಡುಗಿಯರಿದ್ದಾರೆ. ಇವರನ್ನು ಒಂದು ಕಡೆ ಕೂರಿಸಿ. ಹೇಳಿದವರಿಗೆ ದಿನದ ಕೂಲಿ ಹೋಗದ ಹಾಗೆ ಗೌರವಧನ ಕೊಡಿ. ಪುಸ್ತಕದ ಮೇಲೆ ಅವರ ಹೆಸರೂ ಇರಲಿ, ಒಳಪುಟದ ಕೃತಜ್ಞತೆಯಲ್ಲಲ್ಲ, ಬರೆದವರ ಹೆಸರಿನ ಜೊತೆಗೇ.

ಗಿಡ ಮರಗಳ ಹೆಸರು ನಮ್ಮ ಜನ ಕರೆಯುವ ಹಾಗೇ ಬರಲಿ. ಕಗ್ಗಲಿ, ದಿಂಡಿಗ, ಕಮರ, ಮುತ್ತುಗ, ಆವರಿಕೆ. ಲ್ಯಾಟಿನ್ ಹೆಸರು ಬೇಕಾದರೆ ಕೊನೆಯಲ್ಲಿ ಒಂದು ಪಟ್ಟಿ ಕೊಡಿ.

ಮೊಳಕಾಲ್ಮೂರಿನ ಬ್ರಹ್ಮಗಿರಿಯನ್ನು ಮರೆಯಬೇಡಿ. 1892ರಲ್ಲಿ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನ ಪತ್ತೆ ಮಾಡಿದರು. ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಅದೇ ಶಾಸನ ಇದೆ. ತಂದೆ ತಾಯಿಯ ಮಾತು ಕೇಳಬೇಕು, ಸತ್ಯ ಹೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು ಎಂದು ಬಂಡೆಯ ಮೇಲೆ ಬರೆಸಿದ್ದಾನೆ. ಕೊನೆಗೆ ಬರೆದವನು ತನ್ನ ಹೆಸರನ್ನೂ ಹಾಕಿದ್ದಾನೆ, ಚಪಡ ಅಂತ. ಶಾಸನ ಬ್ರಾಹ್ಮಿ ಲಿಪಿಯಲ್ಲಿದ್ದರೂ, ತಾನು ಲಿಪಿಕಾರ ಎಂಬುದನ್ನು ಎಲ್ಲೋ ದೂರದ ವಾಯವ್ಯ ದಿಕ್ಕಿನ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಇತಿಹಾಸ ನೋಡಲು ಬಂದವರಿಗೆ ಸುತ್ತಲಿನ ಬಂಡೆ ಗುಡ್ಡವನ್ನೂ ತೋರಿಸಿ. ಚಂದ್ರವಳ್ಳಿ, ಸೂಳೆಕೆರೆಗೂ ಇದೇ ಮಾತು. ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಶಾಸನ ಓದಿದವರು ಪಕ್ಕದ ಕೆರೆಯ ನೀರುಕೋಳಿಯನ್ನೂ ನೋಡಿ ಹೋಗಲಿ.

ದುಡ್ಡಿನ ವಿಷಯ. ನಾವು ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ಶೇ. 6 ಗ್ರಂಥಾಲಯ ಕರ ಕಟ್ಟುತ್ತೇವೆ. ಆ ದುಡ್ಡಿನಲ್ಲಿ ಇಂಥ ಪುಸ್ತಕವನ್ನು ಸಗಟಾಗಿ ಕೊಳ್ಳುವುದು ದೊಡ್ಡ ಮಾತಲ್ಲ. ಒಂದು ಗ್ರಂಥಾಲಯದಲ್ಲಿ ನಮ್ಮ ಭಾಗದ ಹಕ್ಕಿಗಳ ಬಗ್ಗೆ ಏನಾದರೂ ಇದೆಯಾ ಎಂದು ಕೇಳಿದಾಗ ಅಲ್ಲಿನ ಸಿಬ್ಬಂದಿ ಪ್ರೀತಿಯಿಂದಲೇ ಎದ್ದು ಬಂದು ಹುಡುಕಿದರು. ಸಿಗಲಿಲ್ಲ. ಕಪಾಟುಗಳ ತುಂಬ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು. ಅವೂ ಬೇಕು, ನಮ್ಮ ಮಕ್ಕಳ ಅನ್ನದ ದಾರಿ ಅದು. ಅದರ ಪಕ್ಕದಲ್ಲಿ ಒಂದು ಅಡಿ ಜಾಗ ಇದಕ್ಕೂ ಇರಲಿ ಅಷ್ಟೇ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೆ, ಅಂದರೆ ಹಳ್ಳಿಯ ಗ್ರಂಥಾಲಯಗಳಿಗೆ ಮೊದಲು ಕಳಿಸಿ, ಯಾಕೆಂದರೆ ಕಾಡಿನ ಅಂಚಿನಲ್ಲಿ ಇರುವವರು ಆ ಊರಿನವರು. ಜೋಗಿಮಟ್ಟಿ ಗೇಟು, ಕೋಟೆಯ ಟಿಕೆಟ್ ಕೌಂಟರ್, ದಾವಣಗೆರೆ ಬಸ್ ನಿಲ್ದಾಣದ ಪುಸ್ತಕದ ಅಂಗಡಿ, ಎಲ್ಲ ಕಡೆ ಮಾರಾಟಕ್ಕಿಡಿ. ಬೆಲೆ 100 ರೂಪಾಯಿ ದಾಟದಿರಲಿ. ದಾಟಿದರೆ ನನ್ನ ಮಕ್ಕಳು ಕೊಳ್ಳುವುದಿಲ್ಲ.

ಒಂದೇ ಸಲ ದಪ್ಪ ಪುಸ್ತಕ ಆಗದಿದ್ದರೆ ರಂಗಯ್ಯನದುರ್ಗ, ಜೋಗಿಮಟ್ಟಿ, ಮರಡಿಹಳ್ಳಿ, ಈ ಮೂರರಿಂದ ಶುರು ಮಾಡಿ. ಒಂದೊಂದಕ್ಕೆ ಹದಿನಾರು ಪುಟ ಸಾಕು. ಮುಂಗಾರು ಶುರುವಾಗುವ ಮೊದಲು ಒಂದು ಸಭೆ ಕರೆಯಿರಿ. ಮರಡಿಹಳ್ಳಿಯ ಪುಟಗಳ ಕರಡನ್ನು ನಾನೂ ನನ್ನ ಜೊತೆಯ ಶಿಕ್ಷಕರೂ ಸೇರಿ, ಒಂದು ಪೈಸೆ ತಗೊಳ್ಳದೆ ಬರೆದುಕೊಡುತ್ತೇವೆ. ತಪ್ಪಿದ್ದರೆ ಭೂವಿಜ್ಞಾನ ಬಲ್ಲವರು ತಿದ್ದಲಿ. ಸಭೆಯ ದಿನ, ಜಾಗ ತಿಳಿಸಿದರೆ ಬರುತ್ತೇವೆ. ಭಾನುವಾರವಾದರೂ ಸರಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕ
ಚಿತ್ರದುರ್ಗ